ಎಷ್ಟು ಕೊಡುತ್ತೆ?

ಹೊಳೆನರಸೀಪುರದ ಕಡೆ ಯಾರಾದರೂ ಹಸು ಕೊಂಡು ತಂದರೆ ಜನ ಸುತ್ತ ಬಂದು ನೋಡುತ್ತಾರೆ, ಬೆನ್ನು ಸವರುತ್ತಾರೆ, ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ. ಹೊಸ ಮನೆ ಕಟ್ಟಿಸಿದರೆ ಒಳಗೆಲ್ಲ ಓಡಾಡಿ, ಅಡುಗೆಮನೆ ಚಿಕ್ಕದಾಯಿತು ಎಂದಾದರೂ ಹೇಳಿ ಹೋಗುತ್ತಾರೆ. ಕಾರು ತಂದರೆ ಮಾತ್ರ ಅದರ ಮುಖವನ್ನೂ ಸರಿಯಾಗಿ ನೋಡುವುದಿಲ್ಲ. ನಿಂತ ಕಡೆಯಿಂದಲೇ ಒಂದು ಪ್ರಶ್ನೆ ಎಸೆಯುತ್ತಾರೆ: "ಎಷ್ಟ್ ಕೊಡ್ತದೆ?" ಲೀಟರಿಗೆ ಎಷ್ಟು ಕಿಲೋಮೀಟರು ಎಂದು ಬಿಡಿಸಿ ಕೇಳುವಷ್ಟು ವ್ಯವಧಾನವೂ ಯಾರಿಗೂ ಇಲ್ಲ.

ಕಾಯಿ ಮಂಡಿ ನಂಜಮ್ಮನಿಗೆ ಈ ಪ್ರಶ್ನೆ ಕೇಳಿ ಕೇಳಿ ಸಾಕುಸಾಕಾಗಿತ್ತು. ಬಂಕಿನಲ್ಲಿ ಪೆಟ್ರೋಲ್ ಹಾಕುವವನು ಕೇಳಿದ್ದ. ತಾಲ್ಲೂಕು ಕಚೇರಿಯ ಗುಮಾಸ್ತ ಪಹಣಿ ಕೈಗೆ ಕೊಡುವ ಮೊದಲು ಕಿಟಕಿಯಿಂದ ಕತ್ತು ಹೊರಹಾಕಿ ಕೇಳಿದ್ದ. ದೇವಸ್ಥಾನದಲ್ಲಿ ಮಂಗಳಾರತಿ ತಟ್ಟೆ ಹಿಡಿದ ಪೂಜಾರಿ, ಅವಳು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಾಗಲೇ ದನಿ ತಗ್ಗಿಸಿ ಕೇಳಿದ್ದ. ಮೊಮ್ಮಗಳು ಪ್ರೇಕ್ಷಾಳನ್ನು ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋಗಿದ್ದ ದಿನ, ಹಿನ್ನೀರಿನಲ್ಲಿ ನಿಂತ ಆ ಪಾಳು ಚರ್ಚನ್ನು ನೋಡಲು ಬೆಂಗಳೂರಿನಿಂದ ಬಂದಿದ್ದ ಗುರುತು ಪರಿಚಯವಿಲ್ಲದ ಮನುಷ್ಯ ಚರ್ಚಿಗೆ ಬೆನ್ನು ಹಾಕಿ ಇದನ್ನೇ ಕೇಳಿದ್ದ. ಮೊದಮೊದಲು ನಂಜಮ್ಮ ನಿಜ ಹೇಳುತ್ತಿದ್ದಳು. ಆಮೇಲೆ, "ಏನು, ಹಾಲಾ? ಬೆಳಿಗ್ಗೆ ಎರಡು, ಸಂಜೆಗೆ ಎರಡು" ಎನ್ನತೊಡಗಿದಳು. ಈಚೆಗೆ ಬರೀ ಕಿಟಕಿಯ ಗಾಜು ಏರಿಸುತ್ತಿದ್ದಳು.

ಕಾರು ಜರ್ಮನಿಯದು. ಕಡು ನೀಲಿ ಬಣ್ಣ, ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್, ವಯಸ್ಸು ಹದಿಮೂರು. ಮೊದಲು ಸಕಲೇಶಪುರದ ಕಡೆಯ ಕಾಫಿ ತೋಟದವರೊಬ್ಬರ ಬಳಿ ಇತ್ತು. ನಂಜಮ್ಮನ ಗಂಡ ಬೈರಯ್ಯ ತೀರಿಕೊಂಡ ಮರುವರ್ಷ ಅವಳು ಅದನ್ನು ಕೊಂಡಳು. ಆಗ ಅವಳಿಗೆ ಕಾರು ಓಡಿಸಲು ಕೂಡ ಬರುತ್ತಿರಲಿಲ್ಲ. ಹಾಸನದ ಡ್ರೈವಿಂಗ್ ಸ್ಕೂಲಿಗೆ ಸೇರಿ, ಮೊಮ್ಮಕ್ಕಳ ವಯಸ್ಸಿನವರ ಜೊತೆ ಕ್ಯೂ ನಿಂತು, ಮೈದಾನದಲ್ಲಿ ಕಾರಿನಿಂದ ಎಂಟು ಬಿಡಿಸಿ ತೋರಿಸಿ ಲೈಸೆನ್ಸ್ ಮಾಡಿಸಿಕೊಂಡಳು. ಲೈಸೆನ್ಸ್ ಬರುವ ಮೊದಲೇ ಕಾರು ಬಂದಿದ್ದರಿಂದ ಅದನ್ನು ಮಗ ದಿಲೀಪನ ಹೆಸರಿಗೆ ಮಾಡಿಸಿದ್ದರು. ಆಗ ಅದೇನೂ ದೊಡ್ಡ ವಿಷಯ ಅನ್ನಿಸಿರಲಿಲ್ಲ.

ಅವಳೇನು ದುಂದು ಹೆಂಗಸಲ್ಲ. ತೆಂಗಿನಕಾಯಿ ವ್ಯಾಪಾರದಲ್ಲಿ ದುಂದು ಮಾಡಿದವರು ಎರಡು ವರ್ಷ ಉಳಿಯುವುದಿಲ್ಲ. ಕಾಯಿ ಹೊರುವ ಪಿಕಪ್ಪಿನ ಡೀಸೆಲಿನಲ್ಲಿ ಒಂದು ಲೀಟರು ಹೆಚ್ಚುಕಮ್ಮಿಯಾದರೆ ಡ್ರೈವರನನ್ನು ನಿಲ್ಲಿಸಿ ಕೇಳುತ್ತಿದ್ದಳು. ಸಂತೆಗೆ ಮೊಪೆಡ್ಡು, ಮಂಡಿಗೆ ನಡಿಗೆ. ಈ ಕಾರಿನ ಲೆಕ್ಕವೂ ಅವಳಿಗೆ ಬಾಯಿಪಾಠವಿತ್ತು: ಪೇಟೆಯೊಳಗೆ ಆರು, ಜನಜಂಗುಳಿಯಿದ್ದರೆ ಐದು, ಹೈವೇಯಲ್ಲಿ ಕಾಲು ಹಗುರ ಇಟ್ಟರೆ ಹತ್ತು. ಮನೆಯ ಇನ್ನೊಂದು ಸಣ್ಣ ಕಾರು ಇಪ್ಪತ್ತೆರಡು ಕೊಡುತ್ತಿತ್ತು. ಬಂಕಿನ ಮೀಟರು ಗಿರಗಿರನೆ ತಿರುಗುವಾಗ ಅವಳಿಗೂ ಸಂಕಟವಾಗುತ್ತಿತ್ತು, ಅದನ್ನು ಅವಳು ಯಾರ ಹತ್ತಿರವೂ ಮುಚ್ಚಿಟ್ಟಿರಲಿಲ್ಲ.

ಆದರೆ ತಕ್ಕಡಿಗೆ ಇನ್ನೊಂದು ತಟ್ಟೆಯೂ ಇದೆಯಲ್ಲ! ಅರಕಲಗೂಡಿನ ರಸ್ತೆಯ ಏರಿನಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡರೆ ಸಣ್ಣ ಕಾರಿನಲ್ಲಿ ಎ.ಸಿ. ಆರಿಸಬೇಕು, ಗೇರು ಇಳಿಸಬೇಕು, ಕಾಲನ್ನು ನೆಲಕ್ಕೆ ಒತ್ತಬೇಕು, ಮನೆದೇವರನ್ನು ನೆನೆಯಬೇಕು. ಅಷ್ಟರಲ್ಲಿ ಎದುರಿಗೆ ಬಸ್ಸು ಬಂದು, ಬಂದ ದಾರಿಗೆ ಸುಂಕವಿಲ್ಲದೆ ಮತ್ತೆ ಟ್ರ್ಯಾಕ್ಟರಿನ ಬಾಲ ಹಿಡಿಯಬೇಕು. ಈ ಕಾರಿನಲ್ಲಿ ಕಾಲಿನ ಹೆಬ್ಬೆರಳು ಒಂಚೂರು ಒತ್ತಿದರೆ ಸಾಕು, ಟ್ರ್ಯಾಕ್ಟರು ಕನ್ನಡಿಯೊಳಗೆ ಹೋಗಿ ಕೂತಿರುತ್ತಿತ್ತು. ಆ ಒಂದು ಗಳಿಗೆಗೆ ಎಷ್ಟು ಪೆಟ್ರೋಲು ಸುಟ್ಟರೂ ಅವಳಿಗೆ ದಕ್ಕಿದ್ದೇ ಆಗಿತ್ತು. ಯಾಕೆ ಎಂದು ತಿಳಿಯಬೇಕಾದರೆ ಅವಳ ಮೈದುನ ಕೆಂಚಯ್ಯನ ವಿಷಯ ಹೇಳಬೇಕು.

ನಂಜಮ್ಮ ಈ ಮನೆಗೆ ಸೊಸೆಯಾಗಿ ಬಂದಾಗ ಕೆಂಚಯ್ಯ ಚಡ್ಡಿ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದ. ಅವಳೇ ತಲೆ ಬಾಚಿ ಕಳಿಸುತ್ತಿದ್ದಳು. "ಬಾರ್ಲಾ, ತಿನ್ಲಾ" ಎಂದೇ ಮಾತಾಡಿಸುತ್ತಿದ್ದವಳು ಅವನಿಗೆ ಮದುವೆಯಾದ ಮೇಲೆ, ಅವನ ಹೆಂಡತಿಯ ಎದುರು ಚೆನ್ನಾಗಿರುವುದಿಲ್ಲವೆಂದು, "ಬಾಪ್ಪ, ತಿನ್ನಪ್ಪ" ಎನ್ನತೊಡಗಿದಳು. ಮನುಷ್ಯ ಕೆಟ್ಟವನಲ್ಲ. ಆದರೆ ಮೈಲೇಜಿನ ಹುಚ್ಚು ಅವನಿಗೆ ಹಿಡಿದಷ್ಟು ಇಡೀ ಜಿಲ್ಲೆಯಲ್ಲಿ ಯಾರಿಗೂ ಹಿಡಿದಿರಲಿಕ್ಕಿಲ್ಲ. ಏಪ್ರಿಲ್ ಬಿಸಿಲಿನಲ್ಲೂ ಎ.ಸಿ. ಹಾಕುತ್ತಿರಲಿಲ್ಲ. ಭಾರ ಕಡಿಮೆಯಾಗಲೆಂದು ಸ್ಟೆಪ್ನಿ ಚಕ್ರವನ್ನು ತೆಗೆದು ಕೊಟ್ಟಿಗೆಯಲ್ಲಿ ಇಟ್ಟಿದ್ದ. ಎಲ್ಲಕ್ಕಿಂತ ದೊಡ್ಡ ವಿದ್ಯೆ ಇಳಿಜಾರಿನದು. ರಸ್ತೆ ಇಳಿಯುತ್ತಿದೆ ಎಂದು ಕಂಡರೆ ಸಾಕು, ಗಾಡಿಯನ್ನು ನ್ಯೂಟ್ರಲ್‌ಗೆ ತಂದು ಕೀ ತಿರುಗಿಸಿ ಎಂಜಿನ್ ಆರಿಸಿಬಿಡುತ್ತಿದ್ದ. ಗಾಡಿ ತನ್ನಷ್ಟಕ್ಕೆ ಸದ್ದಿಲ್ಲದೆ ಉರುಳಿಕೊಂಡು ಹೋಗುತ್ತಿತ್ತು. ಇಳಿಜಾರು ಮುಗಿಯುತ್ತಿದ್ದಂತೆ ಮತ್ತೆ ಕೀ ತಿರುಗಿಸುತ್ತಿದ್ದ. ಚನ್ನರಾಯಪಟ್ಟಣದಿಂದ ಹಾಸನದವರೆಗೆ ಎಲ್ಲೆಲ್ಲಿ ಆರಿಸಬಹುದು, ಎಲ್ಲಿ ಹಚ್ಚಬೇಕು ಎಂಬುದನ್ನು ಮದುವೆ ಮನೆಗಳಲ್ಲಿ ಗಂಡಸರನ್ನು ಸುತ್ತ ಕೂರಿಸಿಕೊಂಡು ಪಾಠ ಹೇಳುತ್ತಿದ್ದ. ಕೇಳಿದವರು ತಲೆದೂಗುತ್ತಿದ್ದರು.

ಬೈರಯ್ಯನಿಗೆ ಎದೆ ಹಿಡಿದುಕೊಂಡದ್ದು ಚನ್ನರಾಯಪಟ್ಟಣದಲ್ಲಿ, ನೆಂಟರ ಮನೆಯ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ. ಅಲ್ಲಿಯ ಡಾಕ್ಟರು ಒಂದು ಮಾತ್ರೆ ನಾಲಗೆಯಡಿ ಇಡಿಸಿ, ತಡ ಮಾಡದೆ ಹಾಸನಕ್ಕೆ ಕರೆದುಕೊಂಡು ಹೋಗಿ ಎಂದರು. ಆಂಬುಲೆನ್ಸ್ ಬೇರೆಲ್ಲೋ ಹೋಗಿತ್ತು. ಕೆಂಚಯ್ಯನೇ ಸಣ್ಣ ಕಾರು ತೆಗೆದ. ಹಿಂದಿನ ಸೀಟಿನಲ್ಲಿ ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನಂಜಮ್ಮ ಕೂತಳು. ಆ ಹೊತ್ತಿನಲ್ಲಿ ಕೆಂಚಯ್ಯನ ಕೈಕಾಲು ನಡುಗುತ್ತಿದ್ದವು, ಕಣ್ಣಲ್ಲಿ ನೀರಿತ್ತು. ಅದು ಸುಳ್ಳಲ್ಲ. ಆದರೆ ಶಾಂತಿಗ್ರಾಮಕ್ಕೆ ಮುಂಚಿನ ಇಳಿಜಾರು ಬಂದಾಗ ಆ ನಡುಗುವ ಕೈ ತನ್ನಷ್ಟಕ್ಕೆ ತಾನೇ ಗೇರನ್ನು ನ್ಯೂಟ್ರಲ್‌ಗೆ ತಂದಿತು, ಕೀಯನ್ನು ತಿರುಗಿಸಿತು.

ಎಂಜಿನಿನ ಸದ್ದು ನಿಂತದ್ದನ್ನು ನಂಜಮ್ಮ ಕೇಳಿಸಿಕೊಂಡಳು. ಗಂಡನ ಏದುಸಿರು ಒಮ್ಮೆಗೇ ದೊಡ್ಡದಾಗಿ ಕೇಳಿಸಿದ್ದು ಅದಕ್ಕೇ. ಇಳಿಜಾರು ಮುಗಿದಾಗ ಕೆಂಚಯ್ಯ ಕೀ ತಿರುಗಿಸಿದ. ಗಾಡಿ ಕಿರ್ ಎಂದು ಸುಮ್ಮನಾಯಿತು. ಬ್ಯಾಟರಿ ಹಳೆಯದಾಗಿತ್ತು, ಇನ್ನೊಂದು ಬೇಸಿಗೆ ನಡೆಯಲಿ ಎಂದು ಅದನ್ನೂ ಅವನೇ ಎಳೆಯುತ್ತಿದ್ದ. ಮತ್ತೆ ತಿರುಗಿಸಿದ, ಮತ್ತೆ ತಿರುಗಿಸಿದ. ಹಿಂದೆ ಬಂದ ಬಸ್ಸು ನಿಂತಿತು, ಜನ ಇಳಿದು ತಳ್ಳಿದರು. ತಳ್ಳುವವರ ಕೂಗಿನ ನಡುವೆ ಬೈರಯ್ಯ ಹೆಂಡತಿಯ ಮುಖವನ್ನೇ ನೋಡುತ್ತ ಏನೋ ಹೇಳಲು ಬಾಯಿ ತೆರೆದ, ಹೇಳಲಾಗಲಿಲ್ಲ. ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರು ಇನ್ನೊಂಚೂರು ಮುಂಚೆ ಬರಬೇಕಿತ್ತು ಎಂದರು.

ಕೆಂಚಯ್ಯ ಆಸ್ಪತ್ರೆಯ ಗೋಡೆಗೆ ತಲೆ ಚಚ್ಚಿಕೊಂಡು ಅತ್ತ. "ಗಾಡಿ ಕೈಕೊಡ್ತು ಕಣತ್ಗೆ! ಗಾಡಿ ಕೈಕೊಡ್ತು!" ಎಂದ. ನಂಜಮ್ಮ ಅವನ ಮುಖ ನೋಡಿದಳು. ಅವನ ಮಗಳು ರೂಪಶ್ರೀಯ ಮದುವೆಗೆ ದಿನ ಗೊತ್ತಾಗಿತ್ತು. ಎರಡು ಮನೆಗೂ ಒಂದೇ ಅಂಗಳ, ಒಂದೇ ಮಂಡಿ. ಆಗ ಬಾಯಿ ಬಿಟ್ಟರೆ ಹೆಣದ ಮುಂದೆಯೇ ಮನೆ ಒಡೆಯುತ್ತಿತ್ತು. ಅವಳು ನುಂಗಿಕೊಂಡಳು.

ನುಂಗಿಕೊಂಡದ್ದನ್ನು ಅವನು ಸುಮ್ಮನೆ ಇರಲು ಬಿಟ್ಟಿದ್ದರೆ ಹೇಗೋ ಕಳೆದುಹೋಗುತ್ತಿತ್ತೋ ಏನೋ. ಆದರೆ ಪ್ರತಿ ವರ್ಷ ಮಾರ್ಲಮಿ ಅಮಾವಾಸ್ಯೆ ಬರುತ್ತಿತ್ತು. ಆ ದಿನ ಹಿರಿಯರ ಫೋಟೋದ ಮುಂದೆ ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ ಎಡೆ ಇಡುತ್ತಾರೆ. ಆಮೇಲೆ ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗಿನ ಜಗಲಿಯಲ್ಲಿ ಕಾಯುತ್ತಾರೆ. ಆ ಕಾಯುವ ಹೊತ್ತಿನಲ್ಲಿ ಕೆಂಚಯ್ಯ ನೆಂಟರಿಗೆಲ್ಲ ಅಣ್ಣನ ಕಡೆಯ ದಿನದ ಕಥೆ ಹೇಳುತ್ತಿದ್ದ. ತಾನು ಹೇಗೆ ಓಡಿಸಿದೆ, ಹೇಗೆ ಜನರನ್ನು ಕೂಗಿದೆ, ಹೇಗೆ ಬರಿಗಾಲಲ್ಲಿ ತಳ್ಳಿದೆ ಎಂದೆಲ್ಲ ಹೇಳಿ, "ಅಣ್ಣನ ಟೈಮು ಅಷ್ಟೇ ಇತ್ತು, ಗಾಡಿ ಕೈಕೊಡ್ತು" ಎಂದು ಮುಗಿಸುತ್ತಿದ್ದ. ವರ್ಷವರ್ಷಕ್ಕೆ ಕಥೆಯಲ್ಲಿ ಅವನು ದೊಡ್ಡವನಾಗುತ್ತಿದ್ದ, ಗಾಡಿ ಕೆಟ್ಟದ್ದಾಗುತ್ತಿತ್ತು. ಮುಚ್ಚಿದ ಬಾಗಿಲಿನ ಒಳಗೆ ಉಣ್ಣಲು ಬಂದವನಿಗೂ ಇದೆಲ್ಲ ಕೇಳಿಸುತ್ತಿರುತ್ತದಲ್ಲ ಎಂದು ನಂಜಮ್ಮನ ಮೈ ಉರಿಯುತ್ತಿತ್ತು.

ಇಂಥ ಕೆಂಚಯ್ಯನೇ ಈ ವರ್ಷ ದೊಡ್ಡ ಕಾರನ್ನು ಮಾರಿಸಲು ಹೊರಟ. ದಿಲೀಪನ ಕಿವಿ ಊದಿದವನು ಅವನೇ. ಈಗ ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರೆ, ಹಳೇ ಕಾರಿಗೆ ಅದು ಒಗ್ಗುವುದಿಲ್ಲ ಎಂದ. ಬಿಡಿಭಾಗ ಬೇಕೆಂದರೆ ಬೆಂಗಳೂರಿಗೆ ಓಡಬೇಕು ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕೊನೆಗೆ, "ಅರವತ್ತು ದಾಟಿದ ಹೆಂಗಸ್ಗೆ ಅಷ್ಟೊಂದು ಪವರ್ ಯಾಕ್ಲಾ ದಿಲೀಪ? ಊರೆಲ್ಲ ನಗ್ತಾವ್ರೆ" ಎಂದ. ದಿಲೀಪ ಮಂಡಿಯ ವ್ಯವಹಾರ ನೋಡಿಕೊಳ್ಳುವ ಹುಡುಗ, ಒಳ್ಳೆಯವನು. ಆದರೆ ಯಾರು ಕಡೆಯಲ್ಲಿ ಮಾತಾಡಿದರೋ ಅವರ ಮಾತೇ ಸರಿ ಎನ್ನುವ ಸ್ವಭಾವ. ಕಾಗದದಲ್ಲಿ ಕಾರು ಇದ್ದದ್ದು ಅವನ ಹೆಸರಿನಲ್ಲಿ.

"ಅಮ್ಮ, ಚನ್ನರಾಯಪಟ್ಣದಲ್ಲಿ ಸಂಜಯ್ ಅಂತ ಒಬ್ರು ಹಳೇ ಕಾರ್ ತಗೋತಾರೆ. ನಾಳಿದ್ದು ನೋಡ್ತೀನಿ ಅಂದವ್ರೆ," ಎಂದು ದಿಲೀಪ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡು ಹೇಳಿದ.

"ನನ್ನ ಕೇಳ್ದಾ?"

"ಈಗ ಕೇಳ್ತಾ ಇದೀನಲ್ಲ."

"ಇದು ಕೇಳೋದಲ್ಲ ಕಣಪ್ಪ, ಯೋಳೋದು. ಆಗ್ಲಿ, ನಾನೂ ಬತ್ತೀನಿ. ನನ್ನ ಕಾರು ಓಗೋದಾದ್ರೆ ನನ್ನ ಕಣ್ಮುಂದೇನೇ ಓಗ್ಲಿ," ಎಂದಳು ನಂಜಮ್ಮ. ಸಾರು ಬಡಿಸುವ ಸೌಟು ಪಾತ್ರೆಗೆ ಬಡಿದ ಸದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

ಕೆಂಚಯ್ಯನೂ ಸೇರಿ ಮೂವರೂ ಕಾರನ್ನು ಚನ್ನರಾಯಪಟ್ಟಣಕ್ಕೆ ಒಯ್ದರು. ಸಂಜಯ್ ಬಿಳಿ ಬೂಟು ತೊಟ್ಟ, ನಯವಾಗಿ ಮಾತಾಡುವ ಮನುಷ್ಯ. ಬಾನೆಟ್ ಎತ್ತಿ ನೋಡಿದ, ಕೆಳಗೆ ಬಗ್ಗಿ ನೋಡಿದ, ಎಂಜಿನ್ ಹಚ್ಚಿ ಕಿವಿಗೊಟ್ಟು ಕೇಳಿದ. "ಚೆನ್ನಾಗ್ ಇಟ್ಕಂಡಿದೀರಮ್ಮ" ಎಂದ. ಆ ಮಾತಿಗೆ ನಂಜಮ್ಮನ ಮನಸ್ಸು ಒಂದು ಕ್ಷಣ ಕರಗಿತು. ಮರುಕ್ಷಣವೇ ಅವನೂ ಕೇಳಿದ. "ಎಷ್ಟ್ ಕೊಡ್ತದೆ?"

"ಹನ್ನೊಂದು ಸಾ!" ಎಂದ ಕೆಂಚಯ್ಯ, ಯಾರೂ ಬಾಯಿ ತೆರೆಯುವ ಮೊದಲೇ.

"ಹತ್ತು," ಎಂದಳು ನಂಜಮ್ಮ.

"ಅವ್ರ ಕಾಲ್ನಲ್ಲಿ ಹತ್ತು ಸಾ. ನನ್ನ ಕಾಲ್ನಲ್ಲಿ ಹನ್ನೊಂದು. ಬೇಕಾದ್ರೆ ಮೀಟ್ರು ಸೊನ್ನೆ ಮಾಡಿ, ಹಾಸನದ ಕಡೆ ಒಂದು ಸುತ್ತು ಓಗಿ ಬರಾನ. ನಾನೇ ಓಡುಸ್ತೀನಿ, ನೀವೇ ನೋಡಿ."

ಈ ಕಾರಿನಲ್ಲಿ ಲೀಟರಿಗೆ ಎಷ್ಟು ಓಡಿತೆಂದು ಸ್ಟೀರಿಂಗಿನ ಹಿಂದೆ ಒಂದು ಅಂಕಿ ಮೂಡುತ್ತಿತ್ತು. ಅದನ್ನು ಹನ್ನೊಂದಕ್ಕೆ ತಂದು ತೋರಿಸಿದರೆ ಗಿರಾಕಿ ಕುದುರುತ್ತಾನೆ ಎಂಬುದು ಕೆಂಚಯ್ಯನ ಲೆಕ್ಕ. ಸಂಜಯ್ ಸರಿ ಎಂದ. ದಿಲೀಪನೂ ಅವನೂ ಹಿಂದೆ ಕೂತರು. ನಂಜಮ್ಮ ಕೆಂಚಯ್ಯನ ಪಕ್ಕದಲ್ಲಿ ಕೂತಳು. ಲೈಸೆನ್ಸ್ ಬಂದ ಮೇಲೆ ತನ್ನ ಕಾರಿನ ಎಡಗಡೆ ಸೀಟಿನಲ್ಲಿ ಅವಳು ಕೂತದ್ದು ಅದೇ ಮೊದಲು. ಅಲ್ಲಿಂದ ರಸ್ತೆಯೇ ಬೇರೆ ಥರ ಕಾಣುತ್ತಿತ್ತು.

ಕೆಂಚಯ್ಯ ಹೈವೇ ಹತ್ತಿ, ಲಾರಿಗಳ ಹಿಂದೆ ಸಾಲಾಗಿ, ಹೆಣ ಹೊತ್ತವರ ಹಾಗೆ ಕಾರು ಓಡಿಸತೊಡಗಿದ. ಎ.ಸಿ. ಆರಿಸಿದ, ಗಾಜು ಏರಿಸಿದ. ಸಂಜಯ್ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ. ಆರು ಸಿಲಿಂಡರಿನ ಎಂಜಿನ್ನು ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಗೊರಗೊರ ಎನ್ನುತ್ತಿತ್ತು. ಅಂಕಿ ಒಂಬತ್ತರಿಂದ ಮೇಲೇರಿ ಹತ್ತಕ್ಕೆ ಬಂದು ಅಲ್ಲೇ ನಿಂತಿತು. ಕೆಂಚಯ್ಯನ ಕಣ್ಣು ರಸ್ತೆಗಿಂತ ಹೆಚ್ಚಾಗಿ ಆ ಅಂಕಿಯ ಮೇಲೇ ಇತ್ತು.

"ಮುಂದೆ ನೋಡಪ್ಪ," ಎಂದಳು ನಂಜಮ್ಮ.

"ಸುಮ್ಕಿರಿ ಅತ್ಗೆ. ಇನ್ನೊಂದ್ ಒಸಿ ಏರ್ಬೇಕು, ಅಷ್ಟೆಯ."

ಶಾಂತಿಗ್ರಾಮಕ್ಕೆ ಮುಂಚಿನ ಆ ಇಳಿಜಾರು ಕಂಡಿತು. ಅದರ ತಳದಲ್ಲಿ ಹುಲ್ಲು ತುಂಬಿದ ಟ್ರ್ಯಾಕ್ಟರೊಂದು ಹೊಲದ ದಾರಿಯಿಂದ ಹೈವೇಗೆ ಹತ್ತುತ್ತಿತ್ತು. ನಂಜಮ್ಮನಿಗೆ ಏನೋ ಅನ್ನಿಸಿ ಪಕ್ಕಕ್ಕೆ ತಿರುಗುವಷ್ಟರಲ್ಲಿ ಕೆಂಚಯ್ಯನ ಎಡಗೈ ಗೇರನ್ನು ನ್ಯೂಟ್ರಲ್‌ಗೆ ತಂದಿತ್ತು. ಬಲಗೈ ಕೀ ತಿರುಗಿಸಿತು. ಕಾರಿನೊಳಗೆಲ್ಲ ಒಮ್ಮೆಗೇ ನಿಶ್ಶಬ್ದವಾಯಿತು.

ಆ ನಿಶ್ಶಬ್ದ ಅವಳಿಗೆ ಗೊತ್ತಿತ್ತು. ಹಿಂದಿನ ಸಲ ಅದರೊಳಗೆ ಗಂಡನ ಏದುಸಿರು ಇತ್ತು.

ಕಾರು ಇಳಿಯತೊಡಗಿತು. ಸಣ್ಣ ಕಾರಿನ ಎರಡರಷ್ಟು ತೂಕದ ಗಾಡಿ, ನೋಡನೋಡುತ್ತಲೇ ವೇಗ ಹಿಡಿಯಿತು. ಕೆಂಚಯ್ಯ ಬ್ರೇಕನ್ನು ಹಳೇ ಜೀಪಿನ ಅಭ್ಯಾಸದಂತೆ ಒತ್ತಿ ಬಿಟ್ಟ, ಒತ್ತಿ ಬಿಟ್ಟ. ಮೂರನೆಯ ಸಲಕ್ಕೆ ಪೆಡಲು ಕಲ್ಲಾಗಿತ್ತು. ಎಂಜಿನ್ ಆರಿದರೆ ಇಂಥ ಕಾರಿನ ಪೆಡಲು ಬಿಗಿದು ಬ್ರೇಕು ಹಿಡಿಯುವುದಿಲ್ಲ, ಸ್ಟೀರಿಂಗು ಒರಳುಕಲ್ಲಿನಷ್ಟು ಭಾರವಾಗುತ್ತದೆ ಎಂಬುದು ಡ್ರೈವಿಂಗ್ ಸ್ಕೂಲಿನಲ್ಲಿ ನಂಜಮ್ಮನಿಗೆ ಮೊದಲ ವಾರವೇ ಹೇಳಿಕೊಟ್ಟ ಪಾಠ. ಕೆಂಚಯ್ಯ ಸೀಟಿನಿಂದ ಎದ್ದು ನಿಂತು ಪೆಡಲಿನ ಮೇಲೆ ಭಾರ ಹಾಕಿದ. ಹುಲ್ಲಿನ ಟ್ರ್ಯಾಕ್ಟರು ಹತ್ತಿರ ಹತ್ತಿರ ಬಂತು. ಹಿಂದಿನಿಂದ ದಿಲೀಪ "ಚಿಕ್ಕಪ್ಪ! ಚಿಕ್ಕಪ್ಪ!" ಎಂದು ಕಿರುಚಿದ.

ನಂಜಮ್ಮ ಬೆಲ್ಟು ಬಿಚ್ಚಿ, ಅವನ ಮೈಮೇಲೆ ಅಡ್ಡ ಬಿದ್ದು, ಕೈಚಾಚಿ ಕೀ ತಿರುಗಿಸಿದಳು. ಕಾರು ಒಂದೇ ಸಲಕ್ಕೆ ಗುಡುಗಿತು. ಮರುಗಳಿಗೆಯಲ್ಲೇ ಬ್ರೇಕು ಹಿಡಿಯಿತು, ಅದರ ಮೇಲೆ ಕೆಂಚಯ್ಯನ ಇಡೀ ಭಾರವಿತ್ತಲ್ಲ! ನಾಲ್ಕು ಚಕ್ರವೂ ಅರಚಿ, ಕಾರು ಹುಲ್ಲಿನ ಹೊರೆಯೊಳಗೆ ಮೂಗು ತೂರಿಸಿಕೊಂಡು ನಿಂತಿತು. ನಂಜಮ್ಮನ ಭುಜ ಡ್ಯಾಶ್‌ಬೋರ್ಡಿಗೆ ಬಡಿದಿತ್ತು. ಬೇರೆ ಯಾರಿಗೂ ಏನೂ ಆಗಿರಲಿಲ್ಲ.

ಮೊದಲು ಬಾಯಿ ತೆರೆದವನು ಸಂಜಯ್. ಮುಂದಕ್ಕೆ ಬಗ್ಗಿ ಅಂಕಿಯನ್ನು ನೋಡಿ, "ಹನ್ನೊಂದೇ ತೋರಿಸ್ತಾ ಐತೆ ನೋಡಿ," ಎಂದ. ಆ ಮನುಷ್ಯನನ್ನು ಅಲ್ಲೇ ಹುಲ್ಲಿಗೆ ಸೇರಿಸಿ ಕಟ್ಟಬೇಕು ಎನ್ನಿಸಿತು ನಂಜಮ್ಮನಿಗೆ.

ಕೆಂಚಯ್ಯ ಹಣೆಯ ಬೆವರು ಒರೆಸಿಕೊಂಡ. ಅವಳ ಕಡೆ ತಿರುಗಿದ. "ಗಾಡಿ ಕೈಕೊಡ್ತು ಕಣತ್ಗೆ," ಎಂದ.

ಇಷ್ಟು ವರ್ಷ ನುಂಗಿಕೊಂಡದ್ದು ಒಮ್ಮೆಗೇ ಮೇಲೆ ಬಂತು. ನಂಜಮ್ಮ ಬಾಗಿಲು ತೆರೆದು ಕೆಳಗಿಳಿದಳು, ಕಾರನ್ನು ಸುತ್ತಿಕೊಂಡು ಹೋಗಿ ಅವನ ಕಡೆಯ ಬಾಗಿಲು ತೆರೆದಳು.

"ಇಳೀಲಾ ಕೆಳಕ್ಕೆ."

ಆ 'ಲಾ' ಕೇಳಿ ಕೆಂಚಯ್ಯ ಬೆಚ್ಚಿದ. ಮದುವೆಯಾದ ಮೇಲೆ ಅತ್ತಿಗೆಯ ಬಾಯಲ್ಲಿ ಅದನ್ನು ಕೇಳಿರಲಿಲ್ಲ. ಇಳಿದ.

"ಇನ್ನೊಂದ್ಸಲ ಅನ್ನು. ಏನ್ ಕೈಕೊಡ್ತು?"

"ಅಲ್ಲ ಅತ್ಗೆ, ಬ್ರೇಕು..."

"ಬ್ರೇಕ್ ಅಲ್ಲ ಕಣ್ಲಾ, ನೀನು! ಆಫ್ ಮಾಡ್ದೋನು ನೀನು. ಅವತ್ತೂ ನೀನೇ! ಇದೇ ದಾರಿ, ಇದೇ ಇಳಿಜಾರು. ನಿಮ್ಮಣ್ಣ ನನ್ನ ತೊಡೆ ಮೇಲೆ ಉಸಿರಿಗೆ ಬಾಯ್ ಬಾಯ್ ಬಿಡ್ತಿದ್ರು. ಅಂಥಾ ಒತ್ನಲ್ಲೂ ನಿಂಗೆ ಒಂದು ಲೋಟ ಪೆಟ್ರೋಲ್ ಉಳಿಸ್ಬೇಕಾಗಿತ್ತೇನ್ಲಾ? ಕೀ ತಿರುಗ್ಸಿದ್ದು ನಂಗೆ ಕೇಳಿಸ್ನಿಲ್ಲ ಅಂದ್ಕಂಡಿದ್ಯಾ?"

ಟ್ರ್ಯಾಕ್ಟರಿನವನು ಬೈಯಲೆಂದು ಇಳಿದು ಬಂದಿದ್ದ. ಅದನ್ನು ಬಿಟ್ಟು ಹುಲ್ಲಿನ ಹಗ್ಗ ಬಿಗಿಯತೊಡಗಿದ. ಸಂಜಯ್ ರಸ್ತೆಯಾಚೆ ಹೋಗಿ ಫೋನ್ ನೋಡತೊಡಗಿದ. ದಿಲೀಪ ಕಾರಿನ ಬಾಗಿಲು ಹಿಡಿದುಕೊಂಡೇ ನಿಂತಿದ್ದ, ಅವನ ಮುಖ ಬಿಳಿಚಿಕೊಂಡಿತ್ತು.

"ಅಮ್ಮ, ಅವತ್ತು ಗಾಡಿ ತಾನಾಗೇ ನಿಂತ್ಕಂತು ಅಂತ ಅಲ್ವಾ..."

"ನಿಮ್ ಚಿಕ್ಕಪ್ಪನ್ನ ಕೇಳು."

ದಿಲೀಪ ಚಿಕ್ಕಪ್ಪನ ಕಡೆ ನೋಡಿದ. ಕೆಂಚಯ್ಯ ನೆಲ ನೋಡುತ್ತಿದ್ದ. "ಅಭ್ಯಾಸ ಕಣ್ಲಾ ದಿಲೀಪ," ಎಂದ ಮೆಲ್ಲಗೆ. "ಕೈ ತಾನಾಗೇ ಓಯ್ತು. ಬೇಕೂಂತ ಮಾಡ್ನಿಲ್ಲ."

"ಬೇಕೂಂತ ಮಾಡ್ದೆ ಅಂತ ನಾನಂದ್ನಾ?" ನಂಜಮ್ಮನ ದನಿ ಒಡೆಯಿತು. ಅಳು ಬರುತ್ತಿತ್ತು, ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬರುತ್ತಿತ್ತು. "ಕೈ ತಾನಾಗೇ ಓಯ್ತು ಅಂತ ಅವತ್ತೇ ಅಂದಿದ್ರೆ ನಾನೇ ನಿನ್ನ ತಬ್ಕಂಡು ಅಳ್ತಿದ್ದೆ. ನೀನು ಏನ್ಮಾಡ್ದೆ? ಗಾಡಿ ಮೇಲಾಕ್ದೆ, ನಿಮ್ಮಣ್ಣನ ಟೈಮ್ ಮೇಲಾಕ್ದೆ. ವರ್ಷ ವರ್ಷ ಎಡೆ ಇಟ್ಟು, ಬಾಗ್ಲಾಕಿ, ಜಗಲಿ ಮೇಲೆ ಕೂತ್ಕಂಡು ಯೋಳ್ದೆ. ಸಾಲ್ದು ಅಂತ, ನನ್ನ ಗಾಡೀನೂ ಮಾರ್ಸಕ್ಕೆ ಬಂದೆ! ನಂಗೆ ಯಾಕೆ ಪವರ್ ಅಂತ ಕೇಳ್ತೀಯಾ? ಇನ್ನೊಬ್ರು ನನ್ನ ತೊಡೆ ಮೇಲೆ ಅಂಗೆ ಓಗ್ಬಾರ್ದು, ಅದುಕ್ಕೆ ಕಣ್ಲಾ!"

ಕೆಂಚಯ್ಯ ರಸ್ತೆಯ ಅಂಚಿಗೆ ಸರಿದು ನಿಂತ.

ನಂಜಮ್ಮ ಬಾನೆಟ್ಟಿನ ಮೇಲೆ ಬಿದ್ದಿದ್ದ ಹುಲ್ಲನ್ನು ಕೈಯಿಂದ ಸವರಿ ತೆಗೆದಳು. ಡ್ರೈವರ್ ಸೀಟಿಗೆ ಕೂತು ಸೀಟನ್ನು ತನ್ನ ಅಳತೆಗೆ ಎಳೆದುಕೊಂಡಳು. ದಿಲೀಪ ಪಕ್ಕದಲ್ಲಿ ಬಂದು ಕೂತ. ಸಂಜಯ್ ಕಿಟಕಿಯ ಹತ್ತಿರ ಬಂದು, ಹಾಗಾದರೆ ಮಾತುಕತೆ ಏನು ಎಂಬಂತೆ ನೋಡಿದ.

"ಮಾರಲ್ಲ," ಎಂದ ದಿಲೀಪ, ಅಮ್ಮ ಹೇಳುವ ಮೊದಲೇ. "ನೀವ್ ಹತ್ತಿ ಸಾ, ಪಟ್ಣಕ್ಕೆ ಬಿಡ್ತೀವಿ."

ಕೆಂಚಯ್ಯನೂ ಹಿಂದಿನ ಬಾಗಿಲಿಗೆ ಕೈ ಹಾಕಿದ. ನಂಜಮ್ಮ ಬೀಗ ಒತ್ತಿದಳು. "ನೀನು ಶಾಂತಿಗ್ರಾಮಕ್ಕೆ ನಡ್ಕಂಡೋಗಿ ಬಸ್ನಲ್ಲಿ ಬಾ. ನಡೆಯಕ್ಕೆ ಪೆಟ್ರೋಲೇ ಬ್ಯಾಡ," ಎಂದು ಗಾಜು ಏರಿಸಿದಳು. ಅವಳ ಕಾಲು ಆ ದಿನ ಹಗುರವಾಗಿರಲಿಲ್ಲ. ಕಾರು ತಿರುಗಿ, ಇಳಿದು ಬಂದಿದ್ದ ಏರನ್ನು ಎಷ್ಟು ಬೇಗ ಹತ್ತಿತೆಂದರೆ ಕನ್ನಡಿಯಲ್ಲಿ ಕೆಂಚಯ್ಯ ಚಿಕ್ಕವನಾಗುವುದನ್ನು ನೋಡಲೂ ಪುರಸೊತ್ತಾಗಲಿಲ್ಲ. ಹನ್ನೊಂದಿದ್ದ ಅಂಕಿ ಏಳಕ್ಕೆ ಇಳಿಯಿತು. ಮೂವರಲ್ಲಿ ಯಾರೂ ಅದರ ಮಾತೆತ್ತಲಿಲ್ಲ.

ಆಮೇಲಿನ ದಿನಗಳಲ್ಲಿ ದಿಲೀಪ ಹಾಸನಕ್ಕೆ ಹೋಗಿ ಕಾರನ್ನು ಅಮ್ಮನ ಹೆಸರಿಗೆ ಮಾಡಿಸಿಕೊಂಡು ಬಂದ. ಕೆಂಚಯ್ಯ ಮಂಡಿಗೆ ಬರುತ್ತಿದ್ದ, ತನ್ನ ಕೆಲಸ ಮಾಡಿಕೊಂಡು ಹೋಗುತ್ತಿದ್ದ. ಅತ್ತಿಗೆ ಕಂಡರೆ ಕೊಬ್ಬರಿ ಮೂಟೆಯ ಆಚೆಗೆ ಸರಿಯುತ್ತಿದ್ದ. ಅವಳಾಗಿ ಅವನನ್ನು ಮಾತಾಡಿಸಲಿಲ್ಲ. ಊಟಕ್ಕೆ ಮಾತ್ರ ಎಂದಿನಂತೆ ಅವನ ಮನೆಗೂ ಸಾರು ಕಳಿಸುತ್ತಿದ್ದಳು.

ಮಾರ್ಲಮಿ ಅಮಾವಾಸ್ಯೆ ಬಂತು. ಬೈರಯ್ಯನ ಫೋಟೋದ ಮುಂದೆ ಹೊಸ ಪಂಚೆ, ಶಲ್ಯ. ಎಲೆಯ ಮೇಲೆ ಮುದ್ದೆ, ಬಾಡಿನ ಸಾರು, ಅವನಿಗೆ ಇಷ್ಟವಾದ ಕಜ್ಜಾಯ. ಎಡೆ ಇಟ್ಟು ಬಾಗಿಲು ಮುಚ್ಚಿಕೊಂಡು ಎಲ್ಲರೂ ಜಗಲಿಗೆ ಬಂದರು. ಅರಕಲಗೂಡಿನಿಂದ ಬಂದಿದ್ದ ನೆಂಟ ಪಾಪಯ್ಯ ಅಂಗಳದಲ್ಲಿ ನಿಂತಿದ್ದ ನೀಲಿ ಕಾರನ್ನು ನೋಡಿ, ಅಭ್ಯಾಸದಂತೆ, "ಎಷ್ಟ್ ಕೊಡ್ತದವ್ವ ಇದು?" ಎಂದ. ಉತ್ತರಕ್ಕೂ ಕಾಯದೆ ಕೆಂಚಯ್ಯನ ಕಡೆ ತಿರುಗಿದ. "ಪಾಪ, ಅವತ್ತು ಆ ಸಣ್ಣ ಗಾಡಿ ಕೈಕೊಡ್ದಿದ್ರೆ ಬೈರಣ್ಣ ಇವತ್ತು ನಮ್ ಜೊತೇಲೇ ಇರ್ತಿದ್ದ, ಅಲ್ವಾ ಕೆಂಚಣ್ಣ?"

ಜಗಲಿಯಲ್ಲಿ ಎಲ್ಲರೂ ಕಥೆಗೆ ಸಿದ್ಧರಾಗಿ ಕೂತರು. ಕೆಂಚಯ್ಯ ತಲೆ ಎತ್ತಿ ಅತ್ತಿಗೆಯ ಕಡೆ ನೋಡಿದ. ನಂಜಮ್ಮ ಅವನನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಕನಿಕರ ಇರಲಿಲ್ಲ.

"ಗಾಡಿ ಕೈಕೊಡ್ನಿಲ್ಲ," ಎಂದ ಕೆಂಚಯ್ಯ. "ಇಳಿಜಾರಲ್ಲಿ ನಾನೇ ಆಫ್ ಮಾಡ್ದೆ. ಪೆಟ್ರೋಲ್ ಉಳೀಲಿ ಅಂತ. ಆಮೇಲೆ ಅದು ಹತ್ಕಳ್ನಿಲ್ಲ. ಅಣ್ಣ ಓದ."

ಅವನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಪಾಪಯ್ಯ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳನ್ನು ಹಾಗೇ ಹಿಡಿದು ಕೂತ.

ನಂಜಮ್ಮ ಎದ್ದಳು. ಹಿರಿಯರು ಉಂಡು ಮುಗಿಸುವ ಹೊತ್ತು ಇನ್ನೂ ಆಗಿರಲಿಲ್ಲ, ಆದರೂ ಹೋಗಿ ಬಾಗಿಲು ತೆರೆದಳು. ಒಳಗೆ ದೀಪ ಉರಿಯುತ್ತಿತ್ತು, ಫೋಟೋದಲ್ಲಿ ಬೈರಯ್ಯ ಮೀಸೆ ತಿರುವಿಕೊಂಡು ಕೂತಿದ್ದ. ಅವಳು ಕೆಂಚಯ್ಯನ ತೋಳು ಹಿಡಿದು ಎಬ್ಬಿಸಿ ಎಡೆಯ ಮುಂದೆ ತಂದು ನಿಲ್ಲಿಸಿದಳು.

"ಇಷ್ಟು ವರ್ಷ ಬಾಗ್ಲಾಚೆ ಕೂತು ಇವ್ರಿಗೆ ಕೇಳಂಗೆ ಸುಳ್ಳು ಯೋಳ್ದೆ," ಎಂದಳು. "ಈಗ ಯೋಳ್ದಲ್ಲ, ಅದ್ನ ಇಲ್ಲಿ ನಿಂತ್ಕಂಡು ಇನ್ನೊಂದ್ಸಲ ಯೋಳು."